ನನ್ನ ‘ರೀ’, ಬೇಗೂರಿನ ‘ರೀ’

ಬೇಗೂರಿಗೆ ಬಂದ ಮೊದಲ ವಾರದಲ್ಲೇ ನಾನು ಗುರುತು ಪರಿಚಯವಿಲ್ಲದ ಒಬ್ಬ ಹುಡುಗನನ್ನು, ಅವನ ಮನೆಯವರೆಲ್ಲರ ಎದುರಿಗೆ, ಗಂಡನನ್ನು ಕರೆಯುವ ಹಾಗೆ ಕರೆದೆ. ಹಾಗೆ ಕರೆದೆನೆಂಬುದು ನನಗೇ ಗೊತ್ತಿರಲಿಲ್ಲ.

ಆಗಿನ್ನೂ ಎಲೆಕ್ಟ್ರಾನಿಕ್ ಸಿಟಿಗೆ ಮೇಲ್ಸೇತುವೆ ಬಂದಿರಲಿಲ್ಲ. ಹೊಸೂರು ರಸ್ತೆಯ ಧೂಳಿನಲ್ಲಿ ಕಂಪನಿ ಬಸ್ಸುಗಳು ಮದುವೆ ದಿಬ್ಬಣದ ಹಾಗೆ ಸಾಲುಗಟ್ಟಿ ತೆವಳುತ್ತಿದ್ದವು. ನಾನು ಗದಗಿನ ಕಡೆಯವಳು. ಐಟಿಐ ಮುಗಿಸಿ, ಜೊತೆಗೆ ಓದಿದ ಗೆಳತಿಯನ್ನು ಕಟ್ಟಿಕೊಂಡು ಬಂದು ಸರ್ಕ್ಯೂಟ್ ಬೋರ್ಡು ತಯಾರಿಸುವ ಕಾರ್ಖಾನೆಯೊಂದಕ್ಕೆ ಸೇರಿದ್ದೆ. ದೀಪದ ಕೆಳಗೆ ಭೂತಗನ್ನಡಿ ಹಿಡಿದು ಪ್ರತಿ ಬೋರ್ಡಿನ ಬೆಸುಗೆಯೂ ಸರಿಯಾಗಿದೆಯೇ ಎಂದು ನೋಡುವುದು, ಕೆಟ್ಟದ್ದನ್ನು ಕೆಂಪು ಡಬ್ಬಿಗೆ ಹಾಕುವುದು, ಇಷ್ಟೇ ನನ್ನ ಕೆಲಸ. ಬೇಗೂರಿನ ಹಳೆಯ ಕುಟುಂಬವೊಂದು ತಮ್ಮ ಹಿತ್ತಲಿನಲ್ಲಿ ಸಿಮೆಂಟ್ ಶೀಟಿನ ಕೋಣೆಗಳನ್ನು ಸಾಲಾಗಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿತ್ತು. ಕೊನೆಯ ಕೋಣೆ ನಮ್ಮಿಬ್ಬರದು.

ಬೆಳಿಗ್ಗೆ ಎಲ್ಲ ಬಾಡಿಗೆದಾರರಿಗೂ ನೀರು ಬಿಡುವುದು ಆ ಮನೆಯ ಹುಡುಗನ ಪಾಲಿನ ಕೆಲಸ. ಬೊಮ್ಮನಹಳ್ಳಿಯಲ್ಲಿ ಅವನದೊಂದು ಮೋಟರು ರಿಪೇರಿ ಅಂಗಡಿ ಇತ್ತು. ಆ ದಿನ ನಾನು ತಲೆಗೆ ಸೀಗೆಪುಡಿ ಹಚ್ಚಿಕೊಂಡಾಗಲೇ ನಲ್ಲಿ ನಿಂತಿತು. ಬಾಗಿಲಿನಿಂದ ತಲೆ ಹೊರಹಾಕಿ ನೋಡಿದರೆ ಅಂಗಳದಲ್ಲಿ ಅವನು ಬೈಕು ಒರೆಸುತ್ತಿದ್ದ. ಜಗಲಿಯ ಮೇಲೆ ಅವನ ತಾಯಿ ಅವರೆಕಾಯಿ ಬಿಡಿಸುತ್ತಿದ್ದರು, ಜೊತೆಗೆ ಅಕ್ಕಪಕ್ಕದ ಹೆಂಗಸರೂ ಇದ್ದರು.

“ರೀ, ನೀರ ಬರವಲ್ದು. ಮೋಟರ ಚಾಲೂ ಮಾಡ್ರೀ,” ಎಂದು ಕೂಗಿದೆ.

ಹುಡುಗನ ಕೈಯಿಂದ ಒರೆಸುವ ಬಟ್ಟೆ ಬಿತ್ತು. ಕಿವಿಯಿಂದ ಶುರುವಾದ ಕೆಂಪು ಕತ್ತಿನವರೆಗೆ ಇಳಿಯಿತು. ಜಗಲಿಯ ಹೆಂಗಸರು ನನ್ನನ್ನೂ ಅವನನ್ನೂ ನೋಡಿ, ಆಮೇಲೆ ತಂತಮ್ಮ ಸೆರಗಿನ ತುದಿ ಬಾಯಿಗೆ ತುರುಕಿಕೊಂಡರು. ಅವನು ಓಡಿಹೋಗಿ ಮೋಟರು ಹಾಕಿದ. ಒಳ್ಳೆಯ ಹುಡುಗ, ಕೆಲಸ ಬೇಗ ಮಾಡುತ್ತಾನೆ ಅಂದುಕೊಂಡೆ. ಆಮೇಲಿನ ದಿನಗಳಲ್ಲಿ “ರೀ, ಬಲ್ಬ ಸುಟ್ಟೈತಿ”, “ರೀ, ಕೀಲಿ ಇಲ್ಲೇ ಇಟ್ಟೇನಿ ನೋಡ್ರೀ” ಎಂದೆಲ್ಲ ಧಾರಾಳವಾಗಿ ಕೂಗುತ್ತಲೇ ಹೋದೆ.

ಕೊನೆಗೆ ಅವನ ತಾಯಿಯೇ ಒಂದು ಸಂಜೆ ಹಾಲು ಕೊಡುವ ನೆಪದಲ್ಲಿ ನಮ್ಮ ಕೋಣೆಗೆ ಬಂದು, ಬಾಗಿಲು ಮುಂದಕ್ಕೆ ಮಾಡಿ, ಮೆಲ್ಲಗೆ ವಿಷಯ ತೆಗೆದರು. “ನಿಮ್ ಕಡೆ ಎಂಗೋ ನಂಗೊತ್ತಿಲ್ಲ ಕಣಮ್ಮ. ನಮ್ ಕಡೆ ಎಣ್ಮಕ್ಳು ಗಂಡನ್ನೇ ಅಂಗೆ ಕೂಗೋದು.”

ಗೆಳತಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಆ ತಾಯಿ ಅಂಗಳ ದಾಟುವವರೆಗೆ ಹೇಗೋ ತಡೆದುಕೊಂಡೆವು. ಆಮೇಲೆ ನಕ್ಕ ನಗುವಿಗೆ ಒಲೆಯ ಮೇಲಿದ್ದ ಅನ್ನ ತಳಹಿಡಿದು, ವಾಸನೆ ಪಕ್ಕದ ಕೋಣೆಯವರಿಗೆ ಹೋಗಿ, ಅವರು ಬಂದು ಬಾಗಿಲು ಬಡಿಯಬೇಕಾಯಿತು.

ನಮ್ಮ ಕಡೆ ‘ರೀ’ ಎನ್ನುವುದಕ್ಕೆ ಲೆಕ್ಕವಿಲ್ಲ. ನಮ್ಮಪ್ಪ ದರ್ಜಿ. ಶಾಲೆಗೆ ಸೇರುವ ಪುಟ್ಟ ಹುಡುಗನ ಚಡ್ಡಿಗೆ ಅಳತೆ ತೆಗೆಯುವಾಗಲೂ “ಸ್ವಲ್ಪ ಕೈ ಎತ್ರೀ ಸಾಹೇಬ್ರ” ಎನ್ನುವವರು. ಕಂಡಕ್ಟರಿಗೆ ರೀ, ಕಾಯಿಪಲ್ಲೆಯವಳಿಗೆ ರೀ, ದಾರಿಗೆ ಅಡ್ಡ ನಿಂತ ಎಮ್ಮೆಗೂ ಒಮ್ಮೊಮ್ಮೆ “ಸರೀರೀ” ಎಂದು ಬಾಯಿತಪ್ಪಿ ಬರುವುದುಂಟು. ಬೇಗೂರಿನ ಲೆಕ್ಕ ಬೇರೆ. ಅಲ್ಲಿ ಹತ್ತಿರದವರಿಗೆಲ್ಲ ಏಕವಚನ. ತಾಯಿಗೆ ನೀನು, ಅಜ್ಜಿಗೆ ನೀನು, ಊರದೇವರಿಗೂ ನೀನು. ‘ರೀ’ ಅಂದರೆ ಒಂದೋ ಬಸ್ಸಿನಲ್ಲಿ ಜಗಳ, ಇಲ್ಲವೋ ಗಂಡ.

ಹಾಗಾದರೆ ಅವನನ್ನು ಏನೆಂದು ಕರೆಯಬೇಕು? “ಅಣ್ಣಾ ಅನ್ನು, ಇಲ್ಲಿ ಎಲ್ಲಾರೂ ಹಂಗ ಅಂತಾರ, ಮುಗೀತು,” ಎಂದಳು ಗೆಳತಿ. ಸರಿಯಾದ ಸಲಹೆ. ಆಟೋದವನು ಅಣ್ಣ, ಗ್ಯಾಸಿನವನು ಅಣ್ಣ, ಇವನೂ ಅಣ್ಣನಾದರೆ ಯಾರಿಗೇನು ಕಷ್ಟ? ಮರುದಿನ ಬೆಳಿಗ್ಗೆ ಬಕೆಟ್ ಹಿಡಿದು ಅಂಗಳಕ್ಕೆ ಹೋಗಿ ಬಾಯಿ ತೆರೆದೆ. ಅವನು ತಿರುಗಿ ನೋಡಿದ. ‘ಅ’ ಎಂಬಲ್ಲಿಗೆ ನಿಂತಿತು. ‘ಣ್ಣ’ ಬರಲಿಲ್ಲ. ಸುಮ್ಮನೆ ಬಕೆಟ್ ಎತ್ತಿ ತೋರಿಸಿ ವಾಪಸು ಬಂದೆ. ಕೋಣೆಯೊಳಗೆ ಬಂದು ಕೂತೆ. ಈ ಹುಡುಗನನ್ನು ಅಣ್ಣ ಎನ್ನಲು ನನಗೆ ಇಷ್ಟವಿಲ್ಲ ಎಂಬುದು ನನಗೇ ಆಗ ತಿಳಿದದ್ದು. ಗೆಳತಿಗೆ ನಾನು ಹೇಳಬೇಕಾಗಲಿಲ್ಲ. “ಅಯ್ಯಯ್ಯ, ಮುಗೀತಿದು,” ಎಂದು ದಿಂಬಿನಲ್ಲಿ ಮುಖ ಹುದುಗಿಸಿದಳು.

ಈಗ ಆ ಮನೆಯ ಯಜಮಾನರ ವಿಷಯ ಹೇಳಬೇಕು. ಹುಡುಗನ ತಂದೆ ತೀರಿಕೊಂಡಿದ್ದರು. ಮನೆಯನ್ನು ಆಳುತ್ತಿದ್ದವರು ಅವನ ದೊಡ್ಡಪ್ಪ. ಬಾಡಿಗೆದಾರರೆಲ್ಲರೂ ಅವರನ್ನು ದೊಡ್ಡಯ್ಯ ಎನ್ನುತ್ತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಅವರು ಅಂಗಳಕ್ಕೆ ಇಳಿದರೆ ಕೂತವರು ಏಳಬೇಕು. ಅವರೆದುರು ಕಾಲ ಮೇಲೆ ಕಾಲು ಹಾಕಬಾರದು, ಚಪ್ಪಲಿ ಮೆಟ್ಟಿ ನಿಲ್ಲಬಾರದು, ಅವರು ಬಿಸಿನೀರು ಕಾಯಿಸಿಕೊಳ್ಳುವ ಮುಂಚೆ ಯಾರೂ ಒಲೆ ಹಚ್ಚಬಾರದು. ಮೊದಲ ಕೋಣೆಯಲ್ಲಿದ್ದ ಸಾಫ್ಟ್‌ವೇರ್ ಹುಡುಗ ಆಫೀಸಿನಲ್ಲಿ ತನ್ನ ಬಾಸನ್ನು ಬರೀ ಹೆಸರು ಹಿಡಿದು ಕರೆಯುತ್ತಾನೆಂದು ಕೇಳಿ, ಅವನನ್ನು ನಿಲ್ಲಿಸಿ ಬುದ್ಧಿ ಹೇಳಿದ್ದರು. ತಾವು ಮಾತ್ರ ಎಲ್ಲರಿಗೂ ಏಕವಚನ, ಬ್ಯಾಂಕಿನವರು ಬಂದರೂ “ಬಾ, ಕುತ್ಕೋ”.

ಇಷ್ಟೆಲ್ಲಕ್ಕೂ ಅವರು ಕೊಡುತ್ತಿದ್ದ ಕಾರಣ ಒಂದೇ. “ನಾನು ದೊಡ್ಡೋನು.” ಮೊದಲು ಹುಟ್ಟಿದ್ದು ಬಿಟ್ಟರೆ ಅವರು ಮಾಡಿದ್ದೇನು ಎಂದು ಯಾರೂ ಕೇಳುತ್ತಿರಲಿಲ್ಲ. ಕೆಟ್ಟವರಲ್ಲ. ಯಾರಿಗಾದರೂ ಜ್ವರ ಬಂದರೆ ಗಂಜಿ ಕಳಿಸಿಕೊಡುವವರೇ, ಆದರೆ ಗಂಜಿ ಕುಡಿಯುವಾಗಲೂ ಎದ್ದು ನಿಲ್ಲಬೇಕಿತ್ತು.

ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಚೌಕಾಬಾರ. ಕಲ್ಲುಹಾಸಿನ ಮೇಲೆ ಮನೆಗಳನ್ನು ಕೊರೆದೇ ಇಟ್ಟಿದ್ದರು. ನಾಲ್ಕು ಕವಡೆ ಹಾಕಿ, ಅಂಗಾತ ಬಿದ್ದವನ್ನು ಎಣಿಸಿ, ಅಷ್ಟು ಮನೆ ಕಾಯಿ ನಡೆಸುವುದು. ದಾರಿಯಲ್ಲಿ ಇನ್ನೊಬ್ಬರ ಕಾಯಿ ಸಿಕ್ಕರೆ ಕಡಿಯುವುದು. ದೊಡ್ಡಯ್ಯ ಒಂದು ಆಟವನ್ನೂ ಸೋತವರಲ್ಲ. ಅದು ಹೇಗೆಂದು ದೂರದಿಂದ ನೋಡುವವರಿಗೆ ತಿಳಿಯುತ್ತಿರಲಿಲ್ಲ. ಒಂದು ಭಾನುವಾರ ನಾಲ್ಕನೆಯ ಕೈಗೆ ಜನ ಸಾಲದೆ ಹುಡುಗನ ತಾಯಿ ನನ್ನನ್ನು ಕರೆದು ಕೂರಿಸಿದರು. ನನ್ನ ಕಾಯಿ ಬಳೆಚೂರು, ದೊಡ್ಡಯ್ಯನದು ಹುಣಸೆಬೀಜ. ಎದುರಿಗೆ ಆ ಹುಡುಗ. ಅವನನ್ನು ನೋಡಬಾರದೆಂದು ನಾನು ಕವಡೆಗಳನ್ನೇ ನೋಡುತ್ತ ಕೂತೆ. ತೊಂದರೆಯಾದದ್ದು ಅದರಿಂದಲೇ.

ದೊಡ್ಡಯ್ಯ ಮೋಸ ಮಾಡುತ್ತಿದ್ದರು. ಕೆಮ್ಮು ಬಂದವರ ಹಾಗೆ ಬಗ್ಗಿ ಟವೆಲಿನ ತುದಿಯಿಂದ ಒಂದು ಕವಡೆ ಮಗುಚುವುದು, ಎರಡು ಮನೆಯನ್ನು ಒಂದೇ ಉಸಿರಿನಲ್ಲಿ ದಾಟಿಬಿಡುವುದು. ಅವರ ಕೈ ಹಾಗೆ ನಡೆದಾಗಲೆಲ್ಲ ಮನೆಯವರು ಆಕಾಶ ನೋಡುತ್ತಿದ್ದರು, ಹಿತ್ತಲಿನ ತೆಂಗಿನಮರದಲ್ಲಿ ಕಾಯಿ ಎಷ್ಟಿದೆ ಎಂದು ಅಂದಾಜು ಮಾಡುತ್ತಿದ್ದರು. ನನಗೆ ಅದು ಬರಲಿಲ್ಲ. ವಾರವಿಡೀ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು ಭಾನುವಾರ ಕಣ್ಣಿಗೆ ರಜೆ ಕೊಡುವುದು ಹೇಗೆ? ನನ್ನ ಬಳೆಚೂರು ಇನ್ನೇನು ನಡುಮನೆ ಸೇರಿ ಹಣ್ಣಾಗಬೇಕು ಅನ್ನುವಾಗ ಅವರ ಹುಣಸೆಬೀಜ ಬಂದು ಅದನ್ನು ಕಡಿಯಿತು.

“ದೊಡ್ಡಯ್ಯಾರ, ಬಿದ್ದದ್ದು ಮೂರ್ರೀ,” ಎಂದೆ. “ನೀವು ನಾಕ ಮನಿ ನಡದೀರಿ.”

ತೆಂಗಿನಮರ ನೋಡುತ್ತಿದ್ದವರೆಲ್ಲ ಕೆಳಗೆ ನೋಡಿದರು. ದೊಡ್ಡಯ್ಯ ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು.

“ದೊಡ್ಡೋರು ಎಣಿಸಿದ್ಮ್ಯಾಗೆ ಚಿಕ್ಕೋರು ಎಣಿಸ್ತಾರಾ?”

“ದೊಡ್ಡೋರ ಅಂತ ಮರ್ಯಾದಿ ಕೊಟ್ಟ ಹೇಳಾಕತ್ತೇನ್ರೀ. ಆದ್ರೂ ಬಿದ್ದದ್ದು ಮೂರ.”

ನಿಜವಾಗಿಯೂ ಮರ್ಯಾದೆ ಕೊಟ್ಟೇ ಹೇಳಿದ್ದೆ. ಒಂದೊಂದು ಮಾತಿಗೂ ರೀ ಹಚ್ಚಿದ್ದೆ. ಅದೇ ಅವರಿಗೆ ಇನ್ನಷ್ಟು ಸಿಟ್ಟು ತಂದಿರಬೇಕು. ಹುಡುಗಿ ಎದುರುತ್ತರ ಕೊಡುತ್ತಾಳೆ, ಬಾಡಿಗೆಗೆ ಬಂದವಳು, ಇಂಥವರನ್ನು ಇಟ್ಟುಕೊಂಡದ್ದೇ ತಪ್ಪು ಎಂದು ಶುರುಮಾಡಿದರು. ನಾನು ಏಳಬೇಕೋ ಕೂರಬೇಕೋ ತಿಳಿಯದೆ ಕೈಯಲ್ಲಿದ್ದ ಕವಡೆ ಹಿಸುಕುತ್ತಿದ್ದೆ. ಆಗ ಎದುರಿನಿಂದ, ಆ ಮನೆಯಲ್ಲಿ ಅಷ್ಟು ವರ್ಷದಲ್ಲಿ ಯಾರೂ ಆಡದ ಮಾತೊಂದು ಬಂತು.

“ಮೂರೇ ಬಿದ್ದಿದ್ದು ದೊಡ್ಡಪ್ಪ.”

ಹುಡುಗನ ಕಿವಿ ಮತ್ತೆ ಕೆಂಪಾಗಿತ್ತು, ಆದರೆ ಮಾತು ಗಟ್ಟಿಯಾಗಿಯೇ ಇತ್ತು. ದೊಡ್ಡಯ್ಯ ಎದ್ದು ಒಳಗೆ ಹೋದರು. ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಜಗಲಿ, ತೆಂಗಿನಮರ, ಅಂಗಳದ ಕೋಳಿ ಎಲ್ಲವೂ ಒಂದು ಸುತ್ತು ತಿರುಗಿ ನಿಂತ ಹಾಗಾಯಿತು. ಬೇರೆಯವರಿಗೆ ಹೂ ಕೊಟ್ಟು ಹೇಳುತ್ತಾರಂತೆ. ನನಗೆ ಅವನು ‘ಮೂರೇ ಬಿದ್ದಿದ್ದು’ ಎಂದು ಹೇಳಿದ.

ಅಂದಿನಿಂದ ದೊಡ್ಡಯ್ಯ ನನ್ನ ಜೊತೆಗೂ ಆ ಹುಡುಗನ ಜೊತೆಗೂ ಮಾತು ಬಿಟ್ಟರು. ಬಿಟ್ಟರೂ ಹೇಳಬೇಕಾದ್ದನ್ನು ಅಂಗಳದಲ್ಲಿ ಕಟ್ಟಿದ್ದ ಮನೆಯ ಹಸುವಿಗೆ ಹೇಳುತ್ತಿದ್ದರು. ನಾನು ಹೊರಗೆ ಬಂದರೆ ಹಸುವಿನ ಬೆನ್ನು ಸವರುತ್ತ, “ಕೆಲವರಿಗೆ ಗೇಟು ಆಕ್ಕಂಡು ಓಗ್ಬೇಕು ಅಂತ ಗೊತ್ತಾಗಾಕಿಲ್ಲ,” ಎನ್ನುವರು. ನಾನು ಗೇಟು ಹಾಕಿ, ಹಸುವಿಗೆ “ಹಾಕೇನ್ರೀ” ಎಂದು ಹೇಳಿ ಬಸ್ಸಿಗೆ ಓಡುತ್ತಿದ್ದೆ. ಹಸು ಇಬ್ಬರಿಗೂ ಸಮನಾಗಿ ಕಿವಿ ಆಡಿಸುತ್ತಿತ್ತು.

ಹುಡುಗ ಈಗ ಅಂಗಡಿಗೆ ಹೋಗುವ ಹೊತ್ತನ್ನು ನನ್ನ ಬಸ್ಸಿನ ಹೊತ್ತಿಗೆ ಹೊಂದಿಸಿಕೊಂಡಿದ್ದ. ದೇವಸ್ಥಾನದ ಬೀದಿಯ ತುದಿಯಲ್ಲಿ ಬಸ್ಸಿಗೆ ಕಾಯುವಾಗ ಬೈಕು ಪಕ್ಕಕ್ಕೆ ನಿಲ್ಲಿಸಿ, ಏನೋ ಕೆಟ್ಟುಹೋದ ಹಾಗೆ ಚೈನು ಮುಟ್ಟಿ ನೋಡುತ್ತಿದ್ದ. ಚೈನಿನ ಜೊತೆಯೇ ಮಾತಾಡುವವನ ಹಾಗೆ ನನ್ನ ಜೊತೆ ಮಾತಾಡುತ್ತಿದ್ದ. ನನಗೆ ಅವನು ‘ನೀವು’ ಎನ್ನುತ್ತಿದ್ದ. ಬೇಗೂರಿನವನ ಬಾಯಲ್ಲಿ ‘ನೀವು’ ಅಂದರೆ ದೂರದವರು, ಎಲ್‌ಐಸಿ ಏಜೆಂಟರು. ಒಂದು ದಿನ ತಡೆಯಲಾರದೆ, ನಿಮ್ಮ ಊರದೇವರಿಗೇ ನೀನು ಅಂತೀರಿ, ನಾನೇನು ಪಾಪ ಮಾಡೇನಿ ಎಂದು ಕೇಳಿದೆ.

ಅವನು ನೆಟ್ಟಗೆ ನಿಂತ. “ನೀ...” ಎಂದ. ಗಂಟಲು ಸರಿಮಾಡಿಕೊಂಡ. ಮತ್ತೆ “ನೀ...” ಎಂದ. ಅಷ್ಟರಲ್ಲಿ ಕಂಪನಿ ಬಸ್ಸು ಬಂತು. ನಾನು ಹತ್ತಿದೆ. ಬಸ್ಸು ಹೊರಟ ಮೇಲೆ ಹಿಂದಿನಿಂದ ಬೈಕಿನ ಹಾರ್ನು. ಕಿಟಕಿಯ ಪಕ್ಕಕ್ಕೇ ಬಂದು, ಹೆಲ್ಮೆಟ್ಟಿನೊಳಗಿಂದ, “ನೀನು ಮಧ್ಯಾಹ್ನ ಊಟ ಮಾಡು,” ಎಂದು ಕೂಗಿದ. ಸಿಕ್ಕ ವಾಕ್ಯ ಅದೊಂದೇ ಇರಬೇಕು. ಬಸ್ಸಿನ ಹುಡುಗಿಯರೆಲ್ಲ ಒಟ್ಟಿಗೆ “ಮಾಡ್ತಾಳೆ” ಎಂದರು. ಆ ದಿನ ಭೂತಗನ್ನಡಿಯಲ್ಲಿ ಬೆಸುಗೆಗಳೆಲ್ಲ ಬೆಳ್ಳಿಯ ಗುಂಡುಗಳ ಹಾಗೆ ಹೊಳೆಯುತ್ತಿದ್ದವು. ಬೋರ್ಡು ನೋಡಿ ನಗುವಂಥದ್ದು ಏನಿದೆ ಎಂದು ಸೂಪರ್‌ವೈಸರ್ ಎರಡು ಸಲ ಬಂದು ಬಗ್ಗಿ ನೋಡಿ ಹೋದರು. ಸಂಜೆ ಬಂದು ನಾನೂ ಅವನಿಗೆ ‘ನೀ’ ಎಂದೆ. ಹುಟ್ಟಿದಾಗಿನಿಂದ ಅಕ್ಕಪಕ್ಕದ ಮಕ್ಕಳಿಗೂ ರೀ ಎಂದವಳಿಗೆ ಒಬ್ಬ ಗಂಡಸನ್ನು ‘ನೀ’ ಎನ್ನುವುದು ಕೆರೆಗೆ ಧುಮುಕಿದ ಹಾಗಿತ್ತು.

ಮದುವೆಯ ಮಾತು ಬಂದಾಗ ಹುಡುಗನ ತಾಯಿ ತಕರಾರು ಮಾಡಲಿಲ್ಲ. ಮೊದಲೇ ಸೊಸೆಯ ಹಾಗೆ ಕೂಗಿದವಳು, ಇನ್ನೇನು ಕೇಳುವುದು ಎಂದರು. ಜಾತಿ, ಊರು ಎಂಬ ಮಾತುಗಳೂ ಒಂದು ಸುತ್ತು ಬಂದು ಹೋದವು. ಆದರೆ ದೊಡ್ಡಯ್ಯ ಹಸುವಿಗೆ ಖಂಡಿತವಾಗಿ ಹೇಳಿಬಿಟ್ಟರು: ದೊಡ್ಡವರಿಗೆ ಮರ್ಯಾದೆ ಕೊಡದ ಹುಡುಗಿ ಈ ಹೊಸಿಲು ದಾಟಿ ಒಳಗೆ ಬರಕೂಡದು. ಅವರ ಮಾತು ಮೀರುವವರು ಆ ಮನೆಯಲ್ಲಿ ಇರಲಿಲ್ಲ. ಹುಡುಗನ ತಾಯಿ ಎದುರಾಡಲಿಲ್ಲ. ಸುಮ್ಮನೆ ಆನೇಕಲ್ ಕಡೆಗೆ ಒಂದು ಫೋನು ಮಾಡಿದರು.

ಮೂರನೆಯ ದಿನ ಬಸ್ಸಿನಿಂದ ಒಬ್ಬ ಮುದುಕಿ ಇಳಿದು ಬಂದರು. ಕುಳ್ಳಗೆ, ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಬಾಯಲ್ಲಿ ಹಲ್ಲಿಲ್ಲ, ಕಂಕುಳಲ್ಲಿ ಬಟ್ಟೆಯ ಗಂಟು. ಜಗಲಿಯ ಮೇಲೆ ಕೂತಿದ್ದ ದೊಡ್ಡಯ್ಯ ಅವರನ್ನು ಕಂಡವರೇ ಎದ್ದು ನಿಂತರು. ದೊಡ್ಡಯ್ಯ ಎದ್ದು ನಿಂತದ್ದನ್ನು ನಾವು ಬಾಡಿಗೆದಾರರು ನೋಡಿದ್ದು ಅದೇ ಮೊದಲು. ಸಾಫ್ಟ್‌ವೇರ್ ಹುಡುಗ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದ.

“ಏನ್ಲಾ ಚಿಕ್ಕೋನೆ, ಏನೋ ರಂಪ ಮಾಡ್ಕಂಡಿದ್ದೀಯಂತೆ,” ಎಂದರು ಮುದುಕಿ.

ಅವರು ದೊಡ್ಡಯ್ಯನ ಅಕ್ಕ. ಮನೆಯಲ್ಲಿ ದೊಡ್ಡಯ್ಯನ ಮೊದಲ ಹೆಸರೇ ಚಿಕ್ಕೋನು! ನಾನೂ ಗೆಳತಿಯೂ ಒಬ್ಬರನ್ನೊಬ್ಬರು ನೋಡದಿರಲು ಪಟ್ಟ ಪಾಡು ಅಷ್ಟಿಷ್ಟಲ್ಲ.

ಅಜ್ಜಿ ಕಾಲು ಚಾಚಿ ಕೂತು ತಮ್ಮನ ದೂರನ್ನು ಪೂರ್ತಿ ಕೇಳಿಸಿಕೊಂಡರು. ದೊಡ್ಡಯ್ಯ ಹಸುವಿನ ಸಹಾಯವಿಲ್ಲದೆ ನೇರವಾಗಿ ಹೇಳಬೇಕಾಗಿ ಬಂದದ್ದರಿಂದ ತಡವರಿಸಿದರು. ಆಮೇಲೆ ಅಜ್ಜಿ ನನ್ನನ್ನು ಕರೆದು ಏನೆಂದೆ ಎಂದು ಕೇಳಿದರು. ಅಂದದ್ದನ್ನು ಅಂದ ಹಾಗೆಯೇ, ರೀ ಸಮೇತ ಒಪ್ಪಿಸಿದೆ. ಅವರು ಸರಿ ತಪ್ಪು ಏನೂ ಹೇಳಲಿಲ್ಲ. ಕವಡೆ ತರಿಸಿದರು. ಅಕ್ಕ ತಮ್ಮ ಎದುರು ಬದುರು ಕೂತರು. ನಾವೆಲ್ಲ ಸುತ್ತ ನಿಂತೆವು.

ಆ ಅಜ್ಜಿ ಮಾಡಿದ ಮೋಸದ ಮುಂದೆ ದೊಡ್ಡಯ್ಯನ ಟವೆಲಿನ ಆಟ ಏನೇನೂ ಅಲ್ಲ. ಮುಚ್ಚುಮರೆಯೇ ಇಲ್ಲ. ಬಿದ್ದ ಕವಡೆಯನ್ನು ಬೆರಳಿನಿಂದ ತಿರುಗಿಸಿ “ಚೌಕ, ನಾಕು” ಎನ್ನುವರು. ತಮ್ಮನ ಕಾಯಿಯನ್ನು ಎತ್ತಿ ಹಿಂದಿನ ಮನೆಯಲ್ಲಿ ಇಟ್ಟು “ಇಲ್ಲೇ ಇತ್ತು” ಎನ್ನುವರು. ಪ್ರತಿ ಸಲವೂ ತಮ್ಮನ ಮುಖ ನೋಡಿ, “ಏನ್ಲಾ, ಏನಾರಾ ಕಾಣುಸ್ತಾ?” ಎಂದು ಕೇಳುವರು.

“ಇಲ್ಲಕ್ಕ,” ಎನ್ನುವರು ದೊಡ್ಡಯ್ಯ. ಹಣೆಯ ಮೇಲೆ ಬೆವರು ಹನಿಯುತ್ತಿತ್ತು. ತೆಂಗಿನಮರ ನೋಡುವ ಸರದಿ ಈಗ ಅವರದು. ಒಂದೊಂದೇ ಹುಣಸೆಬೀಜ ಸತ್ತು ಹೊರಗೆ ಬರುತ್ತಿತ್ತು. ಉಳಿದದ್ದು ಕೊನೆಯ ಕಾಯಿ, ಅದೂ ಹಣ್ಣಾಗುವ ಮನೆಯ ಬಾಗಿಲಲ್ಲಿ. ಅಜ್ಜಿ ಕವಡೆ ಹಾಕಿದರು. ಎರಡು ಬಿತ್ತು. ನಿಧಾನವಾಗಿ, ಗಟ್ಟಿಯಾಗಿ ಎಣಿಸುತ್ತ ಮೂರು ಮನೆ ನಡೆದು ಆ ಕಾಯಿಯನ್ನು ಎತ್ತಿಕೊಂಡರು.

“ಎರಡು ಬಿದ್ದಿದ್ದು ಕಣಕ್ಕ,” ಎಂದು ದೊಡ್ಡಯ್ಯ ಅರಚಿದರು. “ಬರೀ ಮೋಸ ಮಾಡ್ತೀಯ ನೀನು.”

ತಾನೇನು ಅಂದೆ ಎಂಬುದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಕಡೆ ನೋಡಿದರು, ತಮ್ಮನ ಮಗನ ಕಡೆ ನೋಡಿದರು, ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಅಜ್ಜಿ ಸಮಾಧಾನವಾಗಿ ಕಾಯಿಯನ್ನು ಅದರ ಜಾಗದಲ್ಲಿ ಇಟ್ಟರು. “ಊಂ, ಎರಡೇ ಬಿದ್ದಿದ್ದು. ನೀನು ಚಡ್ಡಿ ಆಕ್ಕಳ್ಳೋ ಕಾಲದಿಂದ್ಲೂ ನಿಂಗೆ ಮೋಸ ಮಾಡ್ಕಂಡೇ ಬಂದಿವ್ನಿ. ಇವತ್ತು ಬಾಯಿ ಬಂತಲ್ಲ. ನಾನೇನು ಸತ್ತೋದ್ನಾ? ನನ್ ಮರ್ವಾದೆ ಎಲ್ಲಿಗಾರಾ ಓಯ್ತಾ?”

ಮೊದಲು ನಕ್ಕವರು ಹುಡುಗನ ತಾಯಿ. ಆಮೇಲೆ ಗೆಳತಿ. ಆಮೇಲೆ ಟವೆಲಿನ ಹಿಂದಿನಿಂದ ಏನೋ ಸದ್ದು ಬಂತು, ಕೆಮ್ಮು ಇರಬೇಕು ಅಂದುಕೊಂಡೆವು. ದೊಡ್ಡಯ್ಯ ನಗುತ್ತಿದ್ದರು. ಹೊಟ್ಟೆ ಕುಲುಕಿ, ಕಣ್ಣಲ್ಲಿ ನೀರು ಬಂದು, “ಎಲ್ಲಾ ಇವಳೇ ಕಲಿಸಿದ್ದು ನಂಗೆ,” ಎಂದು ಅಕ್ಕನ ಕಡೆ ಕೈ ತೋರಿಸುತ್ತ ನಗುತ್ತಿದ್ದರು. ಇಡೀ ವಠಾರ ನಗುತ್ತಿತ್ತು. ಯಾರೂ ಹೇಳದೆಯೇ ನಾನು ಹೋಗಿ ಆ ಅಜ್ಜಿಯ ಕಾಲು ಮುಟ್ಟಿದೆ. ದೊಡ್ಡಯ್ಯನ ಕಾಲೂ ಮುಟ್ಟಿದೆ. ಅದುವರೆಗೆ ಅವರೆದುರು ಬಹಳ ಸಲ ಎದ್ದು ನಿಂತಿದ್ದೆ, ಆದರೆ ಮನಸ್ಸಿನೊಳಗೆ ಕೂತೇ ಇರುತ್ತಿದ್ದೆ. ಆ ದಿನ ಬಗ್ಗಿದ್ದು ಬೇರೆ. ಯಾಕೆ ಬೇರೆ ಎಂದು ಬಿಡಿಸಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಎಲ್ಲರೆದುರಿಗೆ ಸಿಕ್ಕಿಬಿದ್ದು ನಗಬಲ್ಲ ಮುದುಕರು ಕಡಿಮೆ, ಅದಕ್ಕೇ ಇರಬಹುದು.

ಹದಿನೈದು ದಿನದಲ್ಲಿ ನಮ್ಮಪ್ಪ ಗದಗಿನಿಂದ ಮಾತುಕತೆಗೆ ಬಂದರು. ತಲೆಗೆ ಟೊಪ್ಪಿಗೆ, ಕೈಯಲ್ಲಿ ಕರದಂಟಿನ ಪೊಟ್ಟಣ, ಬಾಯಲ್ಲಿ ಎಂದಿನಂತೆ ಎಲ್ಲರಿಗೂ ರೀ. ದೊಡ್ಡಯ್ಯ ಬಾಗಿಲಿಗೇ ಬಂದು ಕುತ್ಕೋ ಎಂದರು. ಅಪ್ಪ, ಹಿರಿಯರು ನೀವು ಕೂಡ್ರೀ ಎಂದರು. ದೊಡ್ಡಯ್ಯ, ಹೆಣ್ಣಿನ ಕಡೆಯವನು ಮನೆಗೆ ಬಂದವನು, ನೀನು ಮೊದಲು ಎಂದರು. ಅಪ್ಪ ಕೂರಲಿಲ್ಲ. ದೊಡ್ಡಯ್ಯ ಕೂರಲಿಲ್ಲ. ಅವರು ನಿಂತಿದ್ದಾರೆಂದು ನಾವ್ಯಾರೂ ಕೂರುವಂತಿರಲಿಲ್ಲ. ಕಾಫಿ ಆರಿತು. ಹಾಗಾದರೆ ಹಿರಿಯರು ಯಾರು ಎಂದು ತೀರ್ಮಾನವಾಗಿಬಿಡಲಿ ಎಂದರು ಹುಡುಗನ ತಾಯಿ. ಅಪ್ಪನಿಗೆ ಗೊತ್ತಿದ್ದದ್ದು, ತಾನು ಹುಟ್ಟಿದ ವರ್ಷ ಊರಲ್ಲಿ ಜೋಳ ಚೆನ್ನಾಗಿ ಬಂದಿತ್ತು ಎಂಬುದು. ದೊಡ್ಡಯ್ಯನಿಗೆ ಗೊತ್ತಿದ್ದದ್ದು, ತಾನು ಹುಟ್ಟಿದ ವರ್ಷ ಬೇಗೂರು ಕೆರೆ ಕೋಡಿ ಹರಿದಿತ್ತು ಎಂಬುದು. ಜೋಳಕ್ಕೂ ಕೆರೆಗೂ ತಾಳೆ ಹಾಕಲು ಯಾರಿಂದಲೂ ಆಗಲಿಲ್ಲ.

ಮದುವೆ ನಿಶ್ಚಯವಾದದ್ದು ನಿಂತುಕೊಂಡೇ. ಆಮೇಲೆ ಎಲ್ಲರೂ ದೇವಸ್ಥಾನಕ್ಕೆ ಹೊರಟೆವು. ದಾರಿಯುದ್ದಕ್ಕೂ ಇಬ್ಬರದೂ ಅದೇ ಚರ್ಚೆ. ಒಬ್ಬರು ರೀ ಎನ್ನುತ್ತ, ಇನ್ನೊಬ್ಬರು ಕಣಯ್ಯ ಎನ್ನುತ್ತ, ಆಗಲೇ ಹಳೆಯ ಸ್ನೇಹಿತರ ಹಾಗೆ ಹೆಗಲ ಮೇಲೆ ಕೈ ಹಾಕಿಕೊಂಡಿದ್ದರು. ಒಳಬಾಗಿಲು ಕಿರಿದು. ನೀವು ಮುಂದೆ, ನೀನು ಮುಂದೆ ಎಂದು ಅಲ್ಲಿಯೂ ನಿಂತರು. ಹಿಂದೆ ಜನ ಸೇರತೊಡಗಿದರು, ಪೂಜಾರಿ ಮಂಗಳಾರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಕೊನೆಗೆ ಇಬ್ಬರಿಗೂ ಒಂದೇ ಕ್ಷಣಕ್ಕೆ ಸಾಕೆನಿಸಿರಬೇಕು. ಒಟ್ಟಿಗೇ ಕಾಲು ಮುಂದಿಟ್ಟು, ಬಾಗಿಲಲ್ಲಿ ಭುಜಕ್ಕೆ ಭುಜ ಸಿಕ್ಕಿಕೊಂಡು, ನನ್ನವನು ಹಿಂದಿನಿಂದ ಮೆಲ್ಲಗೆ ತಳ್ಳಿದ ಮೇಲೆ ಟೊಪ್ಪಿಗೆ, ಟವೆಲು ಎರಡೂ ಹೊರಗೇ ಬಿಟ್ಟು ಒಳಗೆ ಬಿದ್ದರು.